ಓದುಗರ ಪ್ರಶ್ನೆಗಳಿಗೆ ಉತ್ತರ: ತಿಳಿವಳಿಕೆಯನ್ನೇ ರಿಪೇರಿ ಮಾಡಲು ಹೊರಟವರು

ಹಿಂದಿನ ಸಂಚಿಕೆಯಲ್ಲಿ, ಜ್ಞಾನ ಪಡೆಯುವ ದಾರಿಯನ್ನೇ ಸುಧಾರಿಸಬೇಕು ಎಂದ 17ನೇ ಶತಮಾನದ ಇಬ್ಬರು ತತ್ವಜ್ಞಾನಿಗಳಾದ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ಮತ್ತು ಫ್ರಾನ್ಸಿನ ರೆನೆ ಡೆಕಾರ್ಟ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದರ ಮೇಲೆ ಇಷ್ಟು ಪ್ರಶ್ನೆಗಳು ಬಂದಿವೆ ಎಂದರೆ, ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಡುತ್ತಿದ್ದೇನೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: 1600ರ ಹೊತ್ತಿಗೆ ಯುರೋಪಿನಲ್ಲಿ ವಿಶ್ವವಿದ್ಯಾಲಯಗಳಿದ್ದವು, ಅಚ್ಚಾದ ಪುಸ್ತಕಗಳಿದ್ದವು, ಪಂಡಿತರಿದ್ದರು. ಮತ್ತೆ ಜ್ಞಾನವನ್ನು ಸುಧಾರಿಸಬೇಕು ಎಂಬ ಮಾತು ಎಲ್ಲಿಂದ ಬಂತು?

ಉತ್ತರ: ಓದು ಕಮ್ಮಿ ಇತ್ತು ಅಂತಲ್ಲ. ಓದು ಬೇಕಾದಷ್ಟಿತ್ತು, ಅದು ಅಲ್ಲಲ್ಲೇ ಸುತ್ತುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಪ್ರಕೃತಿಯ ಬಗ್ಗೆ ಕಲಿಯುವುದು ಎಂದರೆ ಬಹುಮಟ್ಟಿಗೆ ಅರಿಸ್ಟಾಟಲನನ್ನು ಓದಿ ವ್ಯಾಖ್ಯಾನ ಮಾಡುವುದು, ವೈದ್ಯ ಕಲಿಯುವುದು ಎಂದರೆ ಪ್ರಾಚೀನ ಗ್ರೀಕ್ ವೈದ್ಯ ಗೇಲನ್ ಬರೆದದ್ದನ್ನು ಓದುವುದು. ವಾದ ಮಾಡಲು ಇದ್ದ ಸಾಧನ ತರ್ಕದ ಸೂತ್ರಗಳು: ಎಲ್ಲ ಮನುಷ್ಯರೂ ಸಾಯುತ್ತಾರೆ, ಸಾಕ್ರಟೀಸ್ ಮನುಷ್ಯ, ಆದ್ದರಿಂದ ಸಾಕ್ರಟೀಸ್ ಸಾಯುತ್ತಾನೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಮೊದಲ ವಾಕ್ಯದಲ್ಲಿ ಇದ್ದದ್ದೇ ಕೊನೆಯ ವಾಕ್ಯದಲ್ಲಿ ಹೊರಗೆ ಬರುತ್ತದೆ, ಹೊಸದು ಹುಟ್ಟುವುದಿಲ್ಲ. ಮೊದಲ ವಾಕ್ಯವೇ ತಪ್ಪಾಗಿದ್ದರೆ? ಅದನ್ನು ಪರೀಕ್ಷಿಸುವ ದಾರಿ ಈ ಸಾಧನದಲ್ಲಿ ಇರಲಿಲ್ಲ.

ಈ ನಡುವೆ ಮೊದಲ ವಾಕ್ಯಗಳೇ ಒಂದೊಂದಾಗಿ ಬೀಳತೊಡಗಿದವು. 1492ರ ನಂತರದ ಸಮುದ್ರಯಾನಗಳು ಹಳೆಯ ಭೂಗೋಳದಲ್ಲಿ ಇಲ್ಲದೇ ಇದ್ದ ನೆಲವನ್ನು ತೋರಿಸಿದವು. 1543ರಲ್ಲಿ ಕೋಪರ್ನಿಕಸ್ ಭೂಮಿಯೇ ಸೂರ್ಯನ ಸುತ್ತ ಸುತ್ತುತ್ತದೆ ಎಂದ. ಅದೇ ವರ್ಷ ವೆಸಾಲಿಯಸ್ ತನ್ನ ಅಂಗರಚನೆಯ ಪುಸ್ತಕ ಪ್ರಕಟಿಸಿದ. ಗೇಲನ್ ಪ್ರಾಣಿಗಳನ್ನು ಕೊಯ್ದು ನೋಡಿ ಮನುಷ್ಯನ ಕೆಳದವಡೆಯಲ್ಲಿ ಎರಡು ಮೂಳೆ ಇವೆ ಎಂದಿದ್ದ, ವೆಸಾಲಿಯಸ್ ಮನುಷ್ಯನನ್ನೇ ನೋಡಿ ಒಂದೇ ಎಂದು ತೋರಿಸಿದ. 1572ರಲ್ಲಿ ಆಕಾಶದಲ್ಲಿ ಒಂದು ಹೊಸ ನಕ್ಷತ್ರ ಕಾಣಿಸಿತು. ಅದು ಚಂದ್ರನಿಗಿಂತ ಆಚೆ ಇದೆ ಎಂದು ಖಗೋಳಶಾಸ್ತ್ರಜ್ಞ ಟೈಕೋ ಬ್ರಾಹೆ ವಾದಿಸಿದ. ಆಕಾಶದಲ್ಲಿ ಬದಲಾವಣೆಯೇ ಇಲ್ಲ ಎಂದು ಸಾವಿರಾರು ವರ್ಷ ಪಾಠ ಹೇಳಿದವರ ಪಾಡು ಏನಾಗಿರಬೇಡ!

ಇನ್ನೊಂದು ವಿಷಯ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲ. 1562ರಲ್ಲಿ ಸೆಕ್ಸ್ಟಸ್ ಎಂಪಿರಿಕಸ್ ಎಂಬ ಪ್ರಾಚೀನ ಗ್ರೀಕ್ ಸಂದೇಹವಾದಿಯ ಪುಸ್ತಕ ಲ್ಯಾಟಿನ್‌ನಲ್ಲಿ ಅಚ್ಚಾಯಿತು. ಯಾವ ವಾದಕ್ಕೂ ಅಷ್ಟೇ ಬಲದ ಎದುರುವಾದ ಹೂಡಬಹುದು, ಹಾಗಾಗಿ ಯಾವುದನ್ನೂ ಖಚಿತ ಎನ್ನದೆ ತೀರ್ಪನ್ನು ತಡೆಹಿಡಿಯುವುದೇ ಮೇಲು ಎಂಬುದು ಅವನ ವಾದ. ಲೂಥರನ ನಂತರ ಕ್ರೈಸ್ತಧರ್ಮ ಒಡೆದು, ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ತಮ್ಮದೇ ಸತ್ಯ ಎಂದು ಕಡಿದಾಡುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಈ ಮಾತು ತುಂಬಾ ಜನಕ್ಕೆ ನಾಟಿತು. ಫ್ರೆಂಚ್ ಲೇಖಕ ಮೊಂಟೇನ್ 'ನನಗೆ ಗೊತ್ತಿರುವುದಾದರೂ ಏನು?' ಎಂದು ಕೇಳಿಕೊಂಡದ್ದು ಇದೇ ಹವೆಯಲ್ಲಿ. ಹಳೆಯದು ನಂಬಿಕೆಗೆ ಅರ್ಹವಲ್ಲ, ಹೊಸದನ್ನು ಯಾವ ಆಧಾರದ ಮೇಲೆ ನಂಬಬೇಕೋ ಗೊತ್ತಿಲ್ಲ. ಬೇಕನ್ ಮತ್ತು ಡೆಕಾರ್ಟ್ ಬರೆಯಲು ಕೂತದ್ದು ಈ ಇಕ್ಕಟ್ಟಿನಲ್ಲಿ.

ಪ್ರಶ್ನೆ: ಬೇಕನ್ ಹೇಳಿದ ನಾಲ್ಕು 'ಐಡಲ್'ಗಳು ಅಂದರೆ ಏನು? ಸುಲಭವಾಗಿ ಹೇಳಿ.

ಉತ್ತರ: ಖುಷಿಯಿಂದ ಹೇಳುತ್ತೇನೆ. ನನ್ನ ಮಟ್ಟಿಗೆ ಇಡೀ 17ನೇ ಶತಮಾನದಲ್ಲಿ ಮನುಷ್ಯನ ತಲೆಯ ಬಗ್ಗೆ ಬಂದ ಅತಿ ಒಳ್ಳೆಯ ಬರವಣಿಗೆ ಇದು. 1620ರ 'ನೋವಂ ಆರ್ಗಾನಂ' ಪುಸ್ತಕದಲ್ಲಿ ಬರುತ್ತದೆ. ಪುಸ್ತಕದ ಹೆಸರೇ ಒಂದು ಸವಾಲು, ಯಾಕೆಂದರೆ ಅರಿಸ್ಟಾಟಲನ ತರ್ಕಗ್ರಂಥಗಳಿಗೆ 'ಆರ್ಗಾನಂ' ಎಂದು ಹೆಸರಿತ್ತು, ಇದು ಹೊಸ ಆರ್ಗಾನಂ.

ಬೇಕನ್ ಹೇಳುವುದು ಇಷ್ಟು: ಹೊಸ ವಿಧಾನ ಕೊಡುವ ಮೊದಲು ಮನಸ್ಸಿನೊಳಗೆ ಕೂತಿರುವ ಸುಳ್ಳು ಮೂರ್ತಿಗಳನ್ನು, ಅಂದರೆ 'ಐಡಲ್'ಗಳನ್ನು, ಗುರುತಿಸಬೇಕು. ಮೊದಲನೆಯದು ಇಡೀ ಮನುಷ್ಯ ಕುಲಕ್ಕೇ ಇರುವ ದೋಷಗಳು. ನಾವು ಪ್ರಕೃತಿಯಲ್ಲಿ ಇರುವುದಕ್ಕಿಂತ ಜಾಸ್ತಿ ಕ್ರಮವನ್ನು ಕಾಣುತ್ತೇವೆ. ಗ್ರಹಗಳೆಲ್ಲ ಪರಿಪೂರ್ಣ ವೃತ್ತದಲ್ಲೇ ಸುತ್ತುತ್ತವೆ ಎಂಬ ಕಲ್ಪನೆ ಹಾಗೆ ಹುಟ್ಟಿದ್ದು. ಒಮ್ಮೆ ಒಂದು ಅಭಿಪ್ರಾಯ ಒಪ್ಪಿಕೊಂಡ ಮೇಲೆ ಅದಕ್ಕೆ ಹೊಂದುವ ಸಂಗತಿಗಳು ಮಾತ್ರ ಕಣ್ಣಿಗೆ ಬೀಳುತ್ತವೆ. ಇದಕ್ಕೆ ಬೇಕನ್ ಒಂದು ಹಳೆಯ ಕಥೆ ಹೇಳುತ್ತಾನೆ. ಹಡಗು ಮುಳುಗುವಾಗ ಹರಕೆ ಹೊತ್ತು ಬದುಕಿ ಬಂದವರ ಚಿತ್ರಗಳನ್ನು ದೇವಾಲಯದಲ್ಲಿ ತೂಗುಹಾಕಿದ್ದರಂತೆ. ಅದನ್ನು ಒಬ್ಬನಿಗೆ ತೋರಿಸಿ, ಈಗಲಾದರೂ ದೇವರ ಶಕ್ತಿ ಒಪ್ಪುತ್ತೀಯಾ ಎಂದು ಕೇಳಿದರು. ಅವನು ಕೇಳಿದ: ಹರಕೆ ಹೊತ್ತೂ ಮುಳುಗಿ ಸತ್ತವರ ಚಿತ್ರಗಳು ಎಲ್ಲಿವೆ?

ಈ ಒಂದು ಪ್ರಶ್ನೆಯಲ್ಲಿ ಎಷ್ಟು ಅಡಗಿದೆ ನೋಡಿ. ಯಾವುದೇ ಔಷಧ, ಯಾವುದೇ ಭವಿಷ್ಯವಾಣಿ ಫಲಿಸಿತು ಎಂದು ಯಾರಾದರೂ ಹೇಳಿದಾಗ, ಫಲಿಸದೇ ಹೋದ ಸಲದ ಲೆಕ್ಕ ಎಲ್ಲಿ ಎಂದು ಕೇಳಬೇಕು. ಇಲ್ಲ ಎನ್ನುವ ಉದಾಹರಣೆಗೇ ತೂಕ ಜಾಸ್ತಿ ಎಂದು ಬೇಕನ್ ಸ್ಪಷ್ಟವಾಗಿ ಬರೆದಿದ್ದಾನೆ.

ಎರಡನೆಯದು ಗುಹೆಯ ಮೂರ್ತಿಗಳು. ಪ್ರತಿಯೊಬ್ಬರಿಗೂ ತಮ್ಮ ಸ್ವಭಾವ, ಓದು, ಅಭ್ಯಾಸದಿಂದ ಆದ ಒಂದು ಸ್ವಂತ ಗುಹೆ ಇರುತ್ತದೆ. ಅಯಸ್ಕಾಂತದ ಮೇಲೆ ಶ್ರಮಪಟ್ಟು ಕೆಲಸ ಮಾಡಿದ ವಿಲಿಯಂ ಗಿಲ್ಬರ್ಟ್ ಕೊನೆಗೆ ಇಡೀ ಒಂದು ತತ್ವಶಾಸ್ತ್ರವನ್ನೇ ಅಯಸ್ಕಾಂತದಿಂದ ಹೊರಡಿಸಿಬಿಟ್ಟ ಎಂಬುದು ಅವನ ಉದಾಹರಣೆ. ಮೂರನೆಯದು ಸಂತೆಯ ಮೂರ್ತಿಗಳು, ಅಂದರೆ ಜನ ಬೆರೆತು ಮಾತಾಡುವಾಗ ಮಾತೇ ತರುವ ಗೊಂದಲ. ಇಲ್ಲದ ವಸ್ತುವಿಗೆ ಹೆಸರು ಇಟ್ಟರೆ ಅದು ಇದೆ ಅನಿಸತೊಡಗುತ್ತದೆ. ಇರುವ ವಸ್ತುವಿಗೆ ಸಡಿಲವಾದ ಹೆಸರು ಇಟ್ಟರೆ ಹತ್ತು ಬೇರೆ ಬೇರೆ ಸಂಗತಿಗಳು ಒಂದೇ ಎಂದು ಕಾಣುತ್ತವೆ. ಬೇಕನ್ ಎಲ್ಲಕ್ಕಿಂತ ತೊಂದರೆಯದ್ದು ಇದೇ ಎನ್ನುತ್ತಾನೆ. ನಾಲ್ಕನೆಯದು ರಂಗಮಂಚದ ಮೂರ್ತಿಗಳು: ಗುರುಗಳಿಂದ ಪಡೆದ ದೊಡ್ಡ ದೊಡ್ಡ ಸಿದ್ಧಾಂತಗಳು, ಅವನ ಕಣ್ಣಿಗೆ ಚೆನ್ನಾಗಿ ಕಟ್ಟಿದ ನಾಟಕಗಳು.

ಹುಟ್ಟಿನಿಂದ ಬಂದ ದೋಷಗಳನ್ನು ಬೇರುಸಹಿತ ಕೀಳಲು ಆಗುವುದೇ ಇಲ್ಲ, ಅವನ್ನು ಗುರುತಿಸಿ ಎಚ್ಚರದಿಂದಿರಬಹುದು ಅಷ್ಟೇ ಎಂದೂ ಅವನು ಒಪ್ಪುತ್ತಾನೆ. ಆ ಪ್ರಾಮಾಣಿಕತೆ ನನಗೆ ತುಂಬಾ ಹಿಡಿಸುತ್ತದೆ.

ಪ್ರಶ್ನೆ: ಇಷ್ಟೆಲ್ಲ ಹೇಳಿದ ಬೇಕನ್ ತನ್ನ ವಿಧಾನದಿಂದ ಏನಾದರೂ ಕಂಡುಹಿಡಿದನಾ?

ಉತ್ತರ: ನೇರವಾಗಿ ಹೇಳಬೇಕೆಂದರೆ, ದೊಡ್ಡದೇನೂ ಇಲ್ಲ. ತನ್ನ ವಿಧಾನವನ್ನು ಅವನು ಶಾಖದ ಮೇಲೆ ಪ್ರಯೋಗಿಸಿ ತೋರಿಸುತ್ತಾನೆ. ಶಾಖ ಇರುವ ಕಡೆಗಳ ಪಟ್ಟಿ ಒಂದು: ಬಿಸಿಲು, ಮಿಂಚು, ತಿಕ್ಕಿದ ವಸ್ತುಗಳು, ಹೊಸ ಕುದುರೆ ಲದ್ದಿ ಹೀಗೆ. ಅವಕ್ಕೆ ಹೋಲುತ್ತಾ ಶಾಖ ಇಲ್ಲದವುಗಳ ಪಟ್ಟಿ ಇನ್ನೊಂದು, ಉದಾಹರಣೆಗೆ ಬೆಳದಿಂಗಳು. ಶಾಖ ಹೆಚ್ಚುಕಮ್ಮಿ ಆಗುವ ಕಡೆಗಳದು ಮೂರನೆಯದು. ಮೂರನ್ನೂ ಎದುರಿಗಿಟ್ಟುಕೊಂಡು, ಹೊಂದದ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಿ, ಶಾಖ ಎಂದರೆ ಸಣ್ಣ ಕಣಗಳ ಒಂದು ಬಗೆಯ ಚಲನೆ ಎಂಬ ಮೊದಲ ಊಹೆಗೆ ಬರುತ್ತಾನೆ. ಇಂದಿನ ಭೌತವಿಜ್ಞಾನಕ್ಕೆ ಆಶ್ಚರ್ಯವಾಗುವಷ್ಟು ಹತ್ತಿರ! ಆದರೆ ಅದೇ ಬೇಕನ್ ಕೋಪರ್ನಿಕಸನನ್ನು ಒಪ್ಪಲಿಲ್ಲ, ವಿಜ್ಞಾನದಲ್ಲಿ ಗಣಿತ ಎಷ್ಟು ದೊಡ್ಡದಾಗಲಿದೆ ಎಂದು ಗುರುತಿಸಲಿಲ್ಲ. ರಕ್ತಪರಿಚಲನೆ ಕಂಡುಹಿಡಿದ ವಿಲಿಯಂ ಹಾರ್ವಿ, ಬೇಕನ್ ತತ್ವಶಾಸ್ತ್ರವನ್ನು ಒಬ್ಬ ಲಾರ್ಡ್ ಚಾನ್ಸಲರ್ (ದೇಶದ ಹಿರಿಯ ನ್ಯಾಯಾಧಿಕಾರಿ) ಬರೆದ ಹಾಗೆ ಬರೆಯುತ್ತಾನೆ ಎಂದಿದ್ದನಂತೆ, ಜಾನ್ ಆಬ್ರಿ ಇದನ್ನು ದಾಖಲಿಸಿದ್ದಾನೆ. ಬೇಕನ್ ನಿಜಕ್ಕೂ 1618ರಲ್ಲಿ ಲಾರ್ಡ್ ಚಾನ್ಸಲರ್ ಆಗಿದ್ದವನು. 1621ರಲ್ಲಿ ಲಂಚದ ಆರೋಪ ಒಪ್ಪಿಕೊಂಡು ಹುದ್ದೆ ಕಳೆದುಕೊಂಡ.

ಅವನ ನಿಜವಾದ ಕೊಡುಗೆ ಬೇರೆ ಕಡೆ ಇದೆ. ಜ್ಞಾನ ಒಬ್ಬ ಜಾಣನ ಕೆಲಸ ಅಲ್ಲ, ತುಂಬಾ ಜನ ಹಂಚಿಕೊಂಡು ತಲೆಮಾರುಗಟ್ಟಲೆ ಮಾಡಬೇಕಾದ ಕೆಲಸ ಎಂದು ಅಷ್ಟು ಗಟ್ಟಿಯಾಗಿ ಹೇಳಿದವರು ಅವನಿಗಿಂತ ಮೊದಲು ಕಮ್ಮಿ. ಅವನು ಸತ್ತ ನಂತರ 1627ರಲ್ಲಿ ಬಂದ 'ನ್ಯೂ ಅಟ್ಲಾಂಟಿಸ್' ಕಥೆಯಲ್ಲಿ ಒಂದು ಸಂಶೋಧನಾ ಮನೆ ಬರುತ್ತದೆ. ಅಲ್ಲಿ ಕೆಲವರು ಬೇರೆ ದೇಶಗಳಿಂದ ಪುಸ್ತಕ, ಪ್ರಯೋಗಗಳ ಸುದ್ದಿ ತರುತ್ತಾರೆ, ಕೆಲವರು ಹೊಸ ಪ್ರಯೋಗ ಮಾಡುತ್ತಾರೆ, ಕೆಲವರು ಅವನ್ನು ಪಟ್ಟಿ ಮಾಡುತ್ತಾರೆ, ಕೊನೆಯವರು ಸೂತ್ರ ಹೊರತೆಗೆಯುತ್ತಾರೆ. 1660ರ ನವೆಂಬರ್ 28ರಂದು ಲಂಡನ್ನಿನ ಗ್ರೆಶಮ್ ಕಾಲೇಜಿನಲ್ಲಿ ಸೇರಿ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘ ಶುರು ಮಾಡಿದವರ ಬಳಗ ಬೇಕನ್‌ನನ್ನು ತಮ್ಮ ಹಿರಿಯ ಎಂದು ಭಾವಿಸಿತು. ಯಾರದೇ ಮಾತನ್ನು ಸುಮ್ನೆ ನಂಬಬೇಡ ಎಂಬ ಅರ್ಥದ ಲ್ಯಾಟಿನ್ ಮಾತು ಅವರ ಧ್ಯೇಯವಾಕ್ಯವಾಯಿತು. ಪ್ರಯೋಗವನ್ನು ಸಭೆಯ ಎದುರು ಮಾಡಿ ತೋರಿಸಬೇಕು, ಆಗದೇ ಹೋದದ್ದನ್ನೂ ಬರೆದಿಡಬೇಕು. ಅದೇ ಬಳಗದ ರಾಬರ್ಟ್ ಬಾಯ್ಲ್ 1661ರ ಒಂದು ಪುಸ್ತಕದಲ್ಲಿ ವಿಫಲವಾದ ಪ್ರಯೋಗಗಳ ಬಗ್ಗೆಯೇ ಪ್ರಬಂಧಗಳನ್ನು ಬರೆದ. ಮುಳುಗಿದವರ ಚಿತ್ರಗಳು ಎಲ್ಲಿ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾ?

ಪ್ರಶ್ನೆ: ಡೆಕಾರ್ಟ್ ಎಲ್ಲವನ್ನೂ ಅನುಮಾನಿಸಬೇಕು ಎಂದ. ಎಲ್ಲವನ್ನೂ ಅನುಮಾನಿಸುತ್ತಾ ಕೂತರೆ ಬದುಕುವುದು ಹೇಗೆ? ಇದು ಬರೀ ಬುದ್ಧಿಯ ಆಟ ಅಲ್ವಾ?

ಉತ್ತರ: ಈ ಆಕ್ಷೇಪ ಎಷ್ಟು ಸಹಜ ಎಂದರೆ ಡೆಕಾರ್ಟ್‌ಗೇ ಅದು ಗೊತ್ತಿತ್ತು. 1637ರ 'ಡಿಸ್ಕೋರ್ಸ್ ಆನ್ ಮೆಥಡ್'ನಲ್ಲಿ ಅವನು ಅನುಮಾನದ ಕೆಲಸ ನಡೆಯುವಷ್ಟು ಕಾಲ ಬದುಕಲು ಒಂದು ತಾತ್ಕಾಲಿಕ ನೀತಿಯನ್ನು ಬೇರೆಯೇ ಇಟ್ಟುಕೊಳ್ಳುತ್ತಾನೆ: ದೇಶದ ಕಾನೂನು, ರೂಢಿಗಳನ್ನು ಪಾಲಿಸುವುದು, ಒಮ್ಮೆ ನಿರ್ಧರಿಸಿದ ಮೇಲೆ ಗಟ್ಟಿಯಾಗಿ ನಡೆಯುವುದು, ಲೋಕವನ್ನು ಬದಲಿಸುವ ಬದಲು ತನ್ನ ಆಸೆಗಳನ್ನು ಬದಲಿಸುವುದು. ಅನುಮಾನ ಅವನಿಗೆ ದಿನಬಳಕೆಯದಲ್ಲ. ಜೀವನದಲ್ಲಿ ಒಮ್ಮೆ, ಬಿಡುವು ಮಾಡಿಕೊಂಡು, ಬುಡದಿಂದ ಪರೀಕ್ಷೆ ಮಾಡುವುದು.

ಯಾಕೆ ಬೇಕಾಯಿತು? ಲಾ ಫ್ಲೆಷ್ ಎಂಬಲ್ಲಿನ ಜೆಸ್ಯೂಟ್ ಶಾಲೆಯಲ್ಲಿ, ಅಂದಿನ ಯುರೋಪಿನ ಹೆಸರಾಂತ ಶಾಲೆಗಳಲ್ಲಿ ಒಂದರಲ್ಲಿ, ಕಲಿತವನು ಅವನು. ಎಲ್ಲ ಓದಿ ಮುಗಿಸಿದಾಗ ಗಣಿತ ಒಂದನ್ನು ಬಿಟ್ಟು ಉಳಿದ ಕಡೆ ಪಂಡಿತರು ಜಗಳವಾಡದ ವಿಷಯವೇ ಇಲ್ಲ ಅನಿಸಿತು. ಸಂದೇಹವಾದಿಗಳು ಎಲ್ಲವನ್ನೂ ಅನುಮಾನಿಸಬಹುದು ಅನ್ನುತ್ತಾರಾ? ಸರಿ, ಅವರಿಗಿಂತ ಮುಂದೆ ಹೋಗಿ ಅನುಮಾನಿಸೋಣ, ಏನಾದರೂ ಉಳಿಯುತ್ತದಾ ನೋಡೋಣ ಎಂದ. ಇಂದ್ರಿಯ ಮೋಸ ಮಾಡಬಹುದು, ಈಗ ಕನಸು ಕಾಣುತ್ತಿರಬಹುದು, ಯಾವುದೋ ಬಲಶಾಲಿ ವಂಚಕ ಲೆಕ್ಕದಲ್ಲೂ ದಾರಿ ತಪ್ಪಿಸುತ್ತಿರಬಹುದು. ಆದರೆ ಮೋಸ ಹೋಗುವುದಕ್ಕಾದರೂ, ಅನುಮಾನಿಸುವುದಕ್ಕಾದರೂ ನಾನು ಇರಲೇಬೇಕು. 'ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ' ಎಂಬ ಪ್ರಸಿದ್ಧ ಮಾತು ಇಲ್ಲಿಂದ ಬಂದದ್ದು. ಎದುರಾಳಿಯ ಆಯುಧವನ್ನೇ ಹಿಡಿದು ಕೊನೆಯವರೆಗೆ ಹೋಗುವ ಈ ಧೈರ್ಯ ಆಟ ಅಲ್ಲ.

ಅಲ್ಲಿಂದ ಮುಂದೆ ಅವನು ಕಟ್ಟಿದ್ದೆಲ್ಲ ನಿಂತಿತಾ? ಇಲ್ಲ. ದೇವರಿದ್ದಾನೆ, ದೇವರು ಮೋಸಗಾರನಲ್ಲ, ಆದ್ದರಿಂದ ನನಗೆ ನಿಚ್ಚಳವಾಗಿ ಸ್ಪಷ್ಟವಾಗಿ ಕಾಣುವುದು ನಿಜ ಎಂದು ಅವನು ವಾದಿಸುತ್ತಾನೆ. ದೇವರಿದ್ದಾನೆ ಎಂಬುದು ನಿಜ ಎಂದು ಹೇಗೆ ಗೊತ್ತು? ಅದು ಸ್ಪಷ್ಟವಾಗಿ ಕಾಣುವುದರಿಂದ! ಈ ಸುತ್ತನ್ನು ಆಂಟ್ವಾನ್ ಆರ್ನೋ ಎಂಬ ಫ್ರೆಂಚ್ ದೇವತಾಶಾಸ್ತ್ರಜ್ಞ ಆಗಲೇ ಎತ್ತಿ ತೋರಿಸಿದ. ವಿಶೇಷ ಏನೆಂದರೆ ಆರ್ನೋನ ಆಕ್ಷೇಪ ನಮಗೆ ಸಿಗುವುದು ಡೆಕಾರ್ಟ್‌ನ ಪುಸ್ತಕದಲ್ಲೇ. 1641ರಲ್ಲಿ 'ಮೆಡಿಟೇಷನ್ಸ್' ಅಚ್ಚು ಮಾಡಿಸುವ ಮೊದಲು ಹಸ್ತಪ್ರತಿಯನ್ನು ಮೆರ್ಸೆನ್ ಎಂಬ ಗೆಳೆಯನ ಮೂಲಕ ಹಲವರಿಗೆ ಕಳಿಸಿ, ಹಾಬ್ಸ್, ಗಸೆಂಡಿ, ಆರ್ನೋ ಮುಂತಾದವರ ಆಕ್ಷೇಪಗಳನ್ನೂ ತನ್ನ ಉತ್ತರಗಳನ್ನೂ ಜೊತೆಗೇ ಪ್ರಕಟಿಸಿದ. ಒಂಟಿಯಾಗಿ ಕೂತು ಬುಡದಿಂದ ಶುರು ಮಾಡುತ್ತೇನೆ ಎಂದವನ ಪುಸ್ತಕದಲ್ಲಿ ಬಹುಪಾಲು ಪುಟಗಳು ಬೇರೆಯವರೊಂದಿಗಿನ ಜಗಳ. ಅವನ ವಿಧಾನಕ್ಕಿಂತ ಈ ನಡೆಯೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ವಿಧಾನದ ನಾಲ್ಕು ನಿಯಮಗಳಾದರೋ (ಸ್ಪಷ್ಟವಾದದ್ದನ್ನು ಮಾತ್ರ ಒಪ್ಪು, ಸಮಸ್ಯೆಯನ್ನು ತುಂಡು ಮಾಡು, ಸರಳದಿಂದ ಕಠಿಣಕ್ಕೆ ಹೋಗು, ಏನೂ ಬಿಟ್ಟಿಲ್ಲ ಎಂದು ಮತ್ತೆ ನೋಡು) ತೀರಾ ಸಾಮಾನ್ಯವಾಗಿವೆ. ಅವನ್ನು ಓದಿ ಯಾರೂ ಜ್ಯಾಮಿತಿಯನ್ನು ಬೀಜಗಣಿತದಿಂದ ಬಿಡಿಸುವ ದಾರಿ ಕಂಡುಹಿಡಿಯಲಾರರು. ಡೆಕಾರ್ಟ್ ಕಂಡುಹಿಡಿದ, ಯಾಕೆಂದರೆ ಅವನು ಡೆಕಾರ್ಟ್.

ಪ್ರಶ್ನೆ: ಬೇಕನ್ ಅನುಭವವಾದಿ (ಜ್ಞಾನ ಅನುಭವದಿಂದ ಬರುತ್ತದೆ ಎನ್ನುವವನು), ಡೆಕಾರ್ಟ್ ಬುದ್ಧಿವಾದಿ (ಬುದ್ಧಿಯಿಂದ ಬರುತ್ತದೆ ಎನ್ನುವವನು) ಎಂದು ಪಾಠದಲ್ಲಿದೆ. ಇಬ್ಬರಲ್ಲಿ ಯಾರು ಸರಿ?

ಉತ್ತರ: ಪರೀಕ್ಷೆಗೆ ಹಾಗೆ ಬರೆಯಿರಿ, ಅಂಕ ಸಿಗುತ್ತದೆ. ಆದರೆ ಆ ಎರಡು ಗುಂಪುಗಳನ್ನು ಹೀಗೆ ಎದುರುಬದುರು ನಿಲ್ಲಿಸಿದ್ದು ನಂತರ ಬಂದ ಚರಿತ್ರೆಕಾರರು. ಡೆಕಾರ್ಟ್ ಪ್ರಾಣಿಗಳನ್ನು ಕೊಯ್ದು ಅಂಗಾಂಗ ನೋಡುತ್ತಿದ್ದ. ನೀರು ತುಂಬಿದ ಗಾಜಿನ ದೊಡ್ಡ ಗೋಳ ಹಿಡಿದು ಬೆಳಕು ಒಳಗೆ ಹೇಗೆ ಬಾಗುತ್ತದೆ ಎಂದು ಅಳೆದು ಕಾಮನಬಿಲ್ಲು ಸುಮಾರು 42 ಡಿಗ್ರಿ ಕೋನದಲ್ಲಿ ಯಾಕೆ ಕಾಣುತ್ತದೆ ಎಂದು ವಿವರಿಸಿದ. ಜ್ಞಾನ ಮುಂದುವರಿದಷ್ಟೂ ಪ್ರಯೋಗಗಳ ಅಗತ್ಯ ಹೆಚ್ಚುತ್ತದೆ ಎಂದು 'ಡಿಸ್ಕೋರ್ಸ್'ನ ಕೊನೆಯ ಭಾಗದಲ್ಲಿ ಅವನೇ ಬರೆದಿದ್ದಾನೆ. ಬೇಕನ್ ಕೂಡ ಬರೀ ಸಂಗತಿ ಕೂಡಿಹಾಕುವವರನ್ನು ಮೆಚ್ಚಲಿಲ್ಲ. ಅವರು ಇರುವೆಗಳು, ಸುಮ್ನೆ ಕೂಡಿಡುತ್ತಾರೆ. ಬರೀ ತರ್ಕ ಮಾಡುವವರು ಜೇಡಗಳು, ತಮ್ಮೊಳಗಿನಿಂದಲೇ ಬಲೆ ನೇಯುತ್ತಾರೆ. ತನಗೆ ಬೇಕಾದದ್ದು ಜೇನುಹುಳ, ಅದು ಹೂವಿನಿಂದ ತಂದು ತನ್ನ ಶಕ್ತಿಯಿಂದ ಬದಲಿಸುತ್ತದೆ ಎಂದ. ಇಬ್ಬರ ಜಗಳ ಎಲ್ಲಿಂದ ಶುರು ಮಾಡಬೇಕು ಎಂಬುದರ ಬಗ್ಗೆ ಮಾತ್ರ.

ಡಚ್ ತತ್ವಜ್ಞಾನಿ ಸ್ಪಿನೋಜಾನನ್ನು ನೋಡಿ. ಅಪ್ಪಟ ಬುದ್ಧಿವಾದಿ ಎನ್ನುತ್ತಾರೆ, ಬುದ್ಧಿಯನ್ನು ಸರಿಪಡಿಸುವುದರ ಬಗ್ಗೆ ಒಂದು ಗ್ರಂಥವನ್ನೇ ಶುರು ಮಾಡಿ ಅರ್ಧಕ್ಕೆ ಬಿಟ್ಟವನು. ಆದರೆ ಅವನು ಮಸೂರ ಉಜ್ಜುವ ಕೆಲಸ ಮಾಡುತ್ತಿದ್ದ, ಪೆಟ್ಲುಪ್ಪಿನ ಪ್ರಯೋಗಗಳ ಬಗ್ಗೆ ಬಾಯ್ಲ್ ಜೊತೆ ರಾಯಲ್ ಸೊಸೈಟಿಯ ಕಾರ್ಯದರ್ಶಿ ಓಲ್ಡನ್‌ಬರ್ಗ್ ಮೂಲಕ ಪತ್ರದಲ್ಲಿ ವಾದ ಮಾಡಿದ.

ಪ್ರಶ್ನೆ: ಗೊಂದಲವೇ ಇಲ್ಲದ ಹೊಸ ಭಾಷೆಯೊಂದನ್ನು ಮಾಡಲು ಹೊರಟಿದ್ದರಂತೆ, ನಿಜವಾ?

ಉತ್ತರ: ನಿಜ. ಮಾತಿನಿಂದ ಗೊಂದಲ ಎಂದು ಬೇಕನ್ ಹೇಳಿದ ಮೇಲೆ ಮಾತನ್ನೇ ಹೊಸದಾಗಿ ಮಾಡೋಣ ಅನ್ನುವವರು ಹುಟ್ಟಿಕೊಂಡರು. ಜಾನ್ ವಿಲ್ಕಿನ್ಸ್ ಎಂಬ ಬಿಷಪ್ 1668ರಲ್ಲಿ ಇಡೀ ಜಗತ್ತಿನ ವಸ್ತುಗಳನ್ನು 40 ವರ್ಗಗಳಾಗಿ ವಿಂಗಡಿಸಿ, ಹೆಸರು ನೋಡಿದರೇ ವಸ್ತುವಿನ ಜಾತಿ ಗೊತ್ತಾಗುವಂಥ ಒಂದು ಭಾಷೆ ಕಟ್ಟಿದ. ಜರ್ಮನ್ ತತ್ವಜ್ಞಾನಿ, ಗಣಿತಜ್ಞ ಲೈಬ್ನಿಟ್ಸ್‌ಗೆ ಇನ್ನೂ ದೊಡ್ಡ ಆಸೆ: ವಿಚಾರಗಳಿಗೆ ಸರಿಯಾದ ಚಿಹ್ನೆಗಳು ಸಿಕ್ಕರೆ ಇಬ್ಬರು ತತ್ವಜ್ಞಾನಿಗಳು ಜಗಳವಾಡಬೇಕಿಲ್ಲ, 'ಲೆಕ್ಕ ಮಾಡೋಣ' ಎಂದು ಕೂತರೆ ಸಾಕು. ಅವನು 1673ರಲ್ಲಿ ಗುಣಾಕಾರ ಮಾಡುವ ಯಂತ್ರವನ್ನು ರಾಯಲ್ ಸೊಸೈಟಿಗೆ ತೋರಿಸಿದ್ದ. ವಿಲ್ಕಿನ್ಸ್‌ನ ಭಾಷೆ ಬಳಕೆಗೆ ಬರಲಿಲ್ಲ. ಜಗತ್ತಿನಲ್ಲಿ ಏನೇನಿದೆ ಎಂದು ಪೂರ್ತಿ ಗೊತ್ತಾದ ಮೇಲೆ ಮಾತ್ರ ಅಂಥ ಭಾಷೆ ಮಾಡಬಹುದು. ಗೊತ್ತಾಗಲಿ ಎಂದೇ ಅಲ್ವಾ ಅದನ್ನು ಮಾಡಹೊರಟದ್ದು! ಲೈಬ್ನಿಟ್ಸ್‌ನ ಕನಸಿನ ಒಂದು ಪಾಲು ಮಾತ್ರ ಮುಂದೆ ಗಣಿತೀಯ ತರ್ಕದಲ್ಲಿ ಜೀವ ಪಡೆಯಿತು.

ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಇದಕ್ಕಿಂತ ಹದವಾದ ದಾರಿ ಹಿಡಿದ. ಐದಾರು ಗೆಳೆಯರು ತನ್ನ ಕೋಣೆಯಲ್ಲಿ ಕೂತು ಬೇರೇನೋ ಚರ್ಚಿಸುವಾಗ ಮುಂದಕ್ಕೆ ಹೋಗಲಾಗದೆ ನಿಂತರಂತೆ. ಆಗ ಅವನಿಗೆ, ಈ ವಿಷಯಗಳು ನಮ್ಮ ಬುದ್ಧಿಗೆ ಎಟುಕುತ್ತವಾ ಎಂದು ಮೊದಲು ನೋಡಬೇಕು ಅನಿಸಿತು. ಅದು ಬೆಳೆದು 1689ರ ಕೊನೆಗೆ ಬಂದ ದೊಡ್ಡ ಗ್ರಂಥವಾಯಿತು. ಅದರ ಮೂರನೆಯ ಭಾಗ ಪೂರ್ತಿ ಮಾತುಗಳ ಬಗ್ಗೆ. ಹೊಸ ಭಾಷೆ ಬೇಡ, ಇರುವ ಮಾತನ್ನೇ ಯಾವ ಅರ್ಥದಲ್ಲಿ ಬಳಸುತ್ತಿದ್ದೇವೆ ಎಂದು ಹೇಳಿ ಬಳಸಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ ಎಂಬ ಧಾಟಿ ಅವನದು.

ಪ್ರಶ್ನೆ: ಈ ಇಡೀ ಕಥೆಯಲ್ಲಿ ಹೆಂಗಸರೇ ಇಲ್ಲವಾ?

ಉತ್ತರ: ಇದ್ದರು, ಬಾಗಿಲ ಹೊರಗೆ ನಿಲ್ಲಿಸಿದ್ದರು. 1643ರ ಮೇ ತಿಂಗಳಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್ ಡೆಕಾರ್ಟ್‌ಗೆ ಒಂದು ಪತ್ರ ಬರೆದಳು. ಆತ್ಮ ಬರೀ ಯೋಚಿಸುವ ವಸ್ತು, ಅದಕ್ಕೆ ಗಾತ್ರವಿಲ್ಲ ಎನ್ನುತ್ತೀರಿ, ಹಾಗಾದರೆ ಅದು ದೇಹವನ್ನು ಅಲುಗಾಡಿಸುವುದು ಹೇಗೆ ಎಂದು ಕೇಳಿದಳು. ಡೆಕಾರ್ಟ್ ಉತ್ತರಿಸಿದ, ಅವಳು ಒಪ್ಪಲಿಲ್ಲ, ಮತ್ತೆ ಕೇಳಿದಳು. ಆ ಪ್ರಶ್ನೆಗೆ ಅವನಲ್ಲಿ ಸಮಾಧಾನದ ಉತ್ತರ ಇರಲಿಲ್ಲ. ಪತ್ರವ್ಯವಹಾರ 1650ರಲ್ಲಿ ಅವನು ಸ್ಟಾಕ್‌ಹೋಮ್‌ನಲ್ಲಿ ಸಾಯುವುದಕ್ಕೆ ಸ್ವಲ್ಪ ಮೊದಲಿನವರೆಗೂ ನಡೆಯಿತು. ಇನ್ನು ಇಂಗ್ಲಿಷ್ ಲೇಖಕಿ ಮಾರ್ಗರೆಟ್ ಕ್ಯಾವೆಂಡಿಶ್ 1666ರಲ್ಲಿ ಪುಸ್ತಕ ಬರೆದು, ಸೂಕ್ಷ್ಮದರ್ಶಕದಲ್ಲಿ ಕಾಣುವುದೇ ವಸ್ತುವಿನ ನಿಜ ಎಂದು ನಂಬುವ ಹೊಸ ಪ್ರಯೋಗವಾದಿಗಳನ್ನು ಪ್ರಶ್ನಿಸಿದಳು. ಮುಂದಿನ ವರ್ಷ ರಾಯಲ್ ಸೊಸೈಟಿ ಅವಳನ್ನು ಒಂದು ಭೇಟಿಗೆ ಕರೆದು ಪ್ರಯೋಗಗಳನ್ನು ತೋರಿಸಿತು, ಸದಸ್ಯತ್ವ ಕೊಡಲಿಲ್ಲ. ಅಲ್ಲಿ ಮೊದಲ ಸಲ ಮಹಿಳೆಯರು ಸದಸ್ಯರಾದದ್ದು 1945ರಲ್ಲಿ. ಯಾರ ಮಾತನ್ನೂ ಪರೀಕ್ಷಿಸದೆ ಒಪ್ಪಬೇಡಿ ಎಂದ ಸಂಸ್ಥೆ ಈ ಒಂದು ಪೂರ್ವಗ್ರಹವನ್ನು ಅಷ್ಟು ವರ್ಷ ಪರೀಕ್ಷಿಸದೆ ಇಟ್ಟುಕೊಂಡದ್ದು ನನಗೆ ಇಂದಿಗೂ ನೋವಿನ ವಿಷಯ.

ಪ್ರಶ್ನೆ: ಇವರನ್ನು ನೇರವಾಗಿ ಓದಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: 'ಡಿಸ್ಕೋರ್ಸ್ ಆನ್ ಮೆಥಡ್'ನಿಂದ. ಚಿಕ್ಕದು, ಆರು ಭಾಗ. ಪಂಡಿತರಲ್ಲದವರೂ ಓದಲಿ ಎಂದು ಡೆಕಾರ್ಟ್ ಅದನ್ನು ಲ್ಯಾಟಿನ್ ಬಿಟ್ಟು ಫ್ರೆಂಚ್‌ನಲ್ಲಿ ಬರೆದ. ಐದನೆಯ ಭಾಗದಲ್ಲಿ ಹೃದಯದ ವಿವರಣೆ ಬರುತ್ತದೆ. ಹಾರ್ವಿಯ ರಕ್ತಪರಿಚಲನೆಯನ್ನು ಒಪ್ಪಿಯೂ, ಹೃದಯ ರಕ್ತವನ್ನು ಕಾಯಿಸಿ ಉಬ್ಬಿಸುತ್ತದೆ ಎಂದು ಡೆಕಾರ್ಟ್ ತಪ್ಪಾಗಿ ವಾದಿಸುತ್ತಾನೆ. ಅದನ್ನು ಹಾರಿಸದೆ ಓದಿ, ಸ್ಪಷ್ಟವಾಗಿ ಕಂಡದ್ದೂ ತಪ್ಪಾಗಬಹುದು ಎಂಬುದಕ್ಕೆ ಉದಾಹರಣೆ ಅವನಲ್ಲೇ ಸಿಗುತ್ತದೆ. ಆಮೇಲೆ 'ನೋವಂ ಆರ್ಗಾನಂ' ಮೊದಲ ಭಾಗದ 38ರಿಂದ 68ರವರೆಗಿನ ಸೂತ್ರಗಳು, ಸುಳ್ಳು ಮೂರ್ತಿಗಳೆಲ್ಲ ಅಲ್ಲಿವೆ. ಮೂರನೆಯದಾಗಿ ಎಲಿಸಬೆತ್ ಮತ್ತು ಡೆಕಾರ್ಟ್ ಪತ್ರಗಳು. 'ಮೆಡಿಟೇಷನ್ಸ್' ಓದುವುದಾದರೆ ಆಕ್ಷೇಪಗಳೂ ಉತ್ತರಗಳೂ ಇರುವ ಪ್ರತಿಯನ್ನೇ ಹುಡುಕಿ ತೆಗೆದುಕೊಳ್ಳಿ. ಅವಿಲ್ಲದ ಪ್ರತಿಗಳೂ ಸಿಗುತ್ತವೆ, ಅಲ್ಲಿ ಅರ್ಧ ಪುಸ್ತಕವೇ ಇರುವುದಿಲ್ಲ.